ಅಲಿಯಾ ತಿನ್ನಿಸಿದ ಬಾದಾಮಿ

"ಅವಳ ಕೈಯಿಂದ ತಿಂತಿದ್ದೀರಲ್ಲ... ನಾಚಿಕೆ ಆಗಲ್ವಾ ನಿಮಗೆ?"

ರಸೆಲ್ ಮಾರುಕಟ್ಟೆಯ ಡ್ರೈಫ್ರೂಟ್ಸ್ ಅಂಗಡಿಯ ಮುಂದೆ ಹೇಮಶ್ರೀ ಕೂಗಿದಾಗ, ಅವಳ ಗಂಡ ಸೂರ್ಯನ ಬಾಯಲ್ಲಿದ್ದ ಬಾದಾಮಿ ಗಂಟಲಲ್ಲೇ ಸಿಕ್ಕಿಕೊಂಡಿತು. ತಿನ್ನಿಸಿದ ಅಲಿಯಾ ಅವನ ಕಾಲೇಜು ಗೆಳತಿ, ಅಂಗಡಿಯ ಒಡತಿ. ಮೇಲಾಗಿ ಬಳ್ಳಿಯಂತೆ ತೆಳ್ಳಗಿದ್ದಳು!

ಏಳು ತಿಂಗಳ ಬಸುರಿಯ ಹೊಟ್ಟೆ ಉರಿಯಲು ಇನ್ನೇನು ಬೇಕು?

ವಾರದಿಂದ ಸೂರ್ಯ ಹೊರಮಾವು ಬಡಾವಣೆಯ ಮನೆಗೆ ತಡವಾಗಿ ಬರುತ್ತಿದ್ದ. ಕೇಳಿದರೆ "ಟ್ರಾಫಿಕ್" ಎನ್ನುತ್ತಿದ್ದ. ಸೀಮಂತಕ್ಕೆ ಹೂವು ಹೇಳಲು ಬಂದವಳಿಗೆ ಆ ಟ್ರಾಫಿಕ್ ಇವತ್ತು ಕಣ್ಣಾರೆ ಕಂಡಿತು.

'ದಪ್ಪ ಆದೆ... ಶುಗರ್ ಬೇರೆ ಬಂತು... ಇವರಿಗೆ ನಾನು ಬೇಡವಾದೆ!'

ಟೆಸ್ಟ್‌ನಲ್ಲಿ ಶುಗರ್ ಬಂದದ್ದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಅವಳ ತಾಯಿಗೂ ಶುಗರ್. ತವರಿನಿಂದ ರೋಗ ತಂದಳು ಎಂದು ಅತ್ತೆ ಆಡಿಕೊಂಡರೆ? ಭಾನುವಾರ ಮುತ್ತೈದೆಯರೆಲ್ಲ ಆರತಿ ಎತ್ತಿ ಸಿಹಿ ತಿನ್ನಿಸುವಾಗ ಬೇಡ ಎನ್ನುವುದಾದರೂ ಹೇಗೆ?

"ಅರೇ ಭಾಭಿ, ಕೂತ್ಕೊಳ್ಳಿ," ಅಲಿಯಾ ಸ್ಟೂಲ್ ಎಳೆದಳು. "ಇದು ಮಸಾಲೆ ಬಾದಾಮಿ, ಸಕ್ಕರೆ ಇಲ್ಲ. ಸೀಮಂತದಲ್ಲಿ ಎಲ್ರೂ ನಿಮಗೆ ಸಿಹಿ ಬದಲು ಇದನ್ನೇ ತಿನ್ನಿಸ್ಲಿ ಅಂತ ಇವನ ಆಸೆ. ಖಾರ ಜಾಸ್ತಿ, ಉಪ್ಪು ಜಾಸ್ತಿ ಅಂತ ದಿನಾ ಬಂದು ನನ್ ತಲೆ ತಿಂದ್ಬಿಟ್ಟ!"

ಹೇಮಶ್ರೀ ಗಂಡನತ್ತ ತಿರುಗಿದಳು. 'ಅಯ್ಯೋ... ಇವರಿಗೆ ಗೊತ್ತಾಗಿದೆ!'

"ನನ್ ಮಗಳು ಹೊಟ್ಟೇಲಿದ್ದಾಗ ನಂಗೂ ಶುಗರ್ ಬಂದಿತ್ತು ಭಾಭಿ."

"ನಿಮಗಾ? ಇಷ್ಟು ತೆಳ್ಳಗಿದ್ದೀರಿ!"

"ದಪ್ಪ ಇದ್ರೆ ಬರೋದು ಜಾಸ್ತಿ, ನಿಜ. ಮನೇಲಿ ಯಾರಿಗಾದ್ರೂ ಶುಗರ್ ಇದ್ರೂ, ವಯಸ್ಸು ಹೆಚ್ಚಾಗಿದ್ರೂ ಬರುತ್ತೆ. ಒಂದೊಂದ್ಸಲ ಏನೂ ಇಲ್ದೇನೂ ಬರುತ್ತೆ. ನಮ್ ಕಡೆ ಹತ್ತು ಜನ ಬಸುರೀರಲ್ಲಿ ಒಬ್ರಿಗಾದ್ರೂ ಇರುತ್ತೆ ಅಂದಿದ್ರು ಡಾಕ್ಟರ್. ನಿಮ್ ತಪ್ಪೇನಿದೆ?"

ಹೇಮಶ್ರೀಗೆ ಅಳು ತಡೆಯಲಾಗಲಿಲ್ಲ. ಅಲಿಯಾಳ ಕೈ ಹಿಡಿದು ಕ್ಷಮೆ ಕೇಳಿದಳು. ಸೂರ್ಯ ಮಾತ್ರ ಮುಖ ಊದಿಸಿಕೊಂಡು ಹೊರಗೆ ನಡೆದ.

"ನಿಮಗೆ ಯಾರು ಹೇಳಿದ್ರು?" ಹೇಮಶ್ರೀ ಹಿಂದೆಯೇ ಹೋಗಿ ಕೇಳಿದಳು.

"ನಿನ್ ತಂಗಿ! ಅವಳಿಗೆ ಹೇಳ್ದೆ, ನನಗೆ ಹೇಳ್ಲಿಲ್ಲ. ನನಗೂ ಹೊಟ್ಟೆ ಉರಿಯಲ್ವಾ ಹೇಮಾ?"

"ನನ್ ತಂಗಿ ಮೇಲೂ ಹೊಟ್ಟೆಕಿಚ್ಚಾ?"

"ಹೂಂ! ನೀನು ಅಳೋದಾದ್ರೆ ಮೊದಲು ನನ್ನ ಹತ್ರ ಅಳ್ಬೇಕು."

ಅಳುತ್ತಲೇ ನಕ್ಕುಬಿಟ್ಟಳು ಹುಡುಗಿ. ಜನ ನೋಡುತ್ತಿದ್ದರೂ ಲೆಕ್ಕಿಸದೆ ಅವನ ತೋಳಿಗೆ ಒರಗಿದಳು.

"ಅತ್ತೆ ಏನಂತಾರೋ..."

"ಇಬ್ರೂ ಕೂತು ಹೇಳೋಣ. ಏನಾದ್ರೂ ಅಂದ್ರೆ ನಾನಿದ್ದೀನಲ್ಲ, ನನ್ನೇ ಅನ್ಲಿ."

"ರೀ... ನಾಳೆ ಡಾಕ್ಟರ್ ಹತ್ರ ಹೋಗ್ಬೇಕು. ಒಬ್ಳೇ ಹೋಗೋಕೆ ಭಯ ಆಗುತ್ತೆ. ಬರ್ತೀರಾ?"

"ನೀನು ಕರೀಲಿ ಅಂತಾನೇ ಕಾಯ್ತಿದ್ದೆ ಕಣೇ."