ಅಕಿಗೆ ಬ್ಯಾಡ ಅಂದ ಕುಂಕುಮ

೨೦೧೨ರಲ್ಲಿ ಮಾಂಟೆನೆಗ್ರೊಗೆ ಹೋಗಿದ್ದೆವು. ಬೆಟ್ಟಗಳು ನೆಟ್ಟಗೆ ಸಮುದ್ರಕ್ಕಿಳಿಯುವ ಕಡೆ, ಹಳ್ಳಿಯೊಂದರ ಚರ್ಚಿನ ಮೆಟ್ಟಿಲ ಮೇಲೆ ಕರಿಬಟ್ಟೆಯ ಮುದುಕಿ ಕೂತಿದ್ದಳು. ನನ್ನ ಅತ್ತಿಗೆ ಗೋದಾವರಿ ಅವಳಿಗೆ ಕುಂಕುಮ ಹಚ್ಚಿದರು. ನಮ್ಮ ರೂಢಿ ಬಲ್ಲವಳಂತೆ ಮುದುಕಿ ಕುಂಕುಮದ ಭರಣಿಗೆ ಬೆರಳದ್ದಿ ನನ್ನ ಹಣೆಯತ್ತ ಚಾಚಿದಳು.

"ಅಕಿಗೆ ಬ್ಯಾಡ್ರಿ, ಗಂಡ ಇಲ್ಲ," ಎಂದು ಅತ್ತಿಗೆ ಭರಣಿ ಕಸಿದುಕೊಂಡರು.

ಬಸ್ಸಿನಲ್ಲಿ ಗೈಡ್ ಹೇಳಿದ: ಕರಿಬಟ್ಟೆ ಅಲ್ಲಿ ವಿಧವೆಯರದು; ಆದರೆ ಆ ಹಳ್ಳಿಯಲ್ಲಿ ಈಗ ಯಾರೂ ವಾಸವಿಲ್ಲ.

ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಮರಳಿದ ಮೇಲೆ ಒಂದು ಶುಕ್ರವಾರ, ಸುಡುಬಿಸಿಲ ಮಧ್ಯಾಹ್ನ, ಅಡುಗೆಮನೆಯಲ್ಲಿ ಕಡಲಿನ ವಾಸನೆ ಬಂತು. ಮಂಜಿನಂಥ ಬೆರಳೊಂದು ನನ್ನ ಹಣೆಗೆ ತಾಗಿತು. ಕನ್ನಡಿ ನೋಡಿದರೆ ಹಣೆಯಲ್ಲಿ ಕುಂಕುಮ.

"ಒರಸ್ಕೊ ಮಂದಾಕಿನಿ, ಮಂದಿ ಏನಂದಾರು!" ಎಂದರು ಅತ್ತಿಗೆ.

"ಒರಸೂದಿಲ್ಲ ವೈನಿ. ಅಷ್ಟು ದೂರದಿಂದ ಹಚ್ಚಾಕ ಬಂದಾಳ."

ಅತ್ತಿಗೆ ಕಪಾಟಿನ ಬೀಗ ತೆಗೆದು ಭರಣಿ ನೋಡಿದರು. ಕುಂಕುಮ ಉಪ್ಪುನೀರಲ್ಲಿ ತೊಯ್ದಿತ್ತು.