ಹೊಡೆತಕ್ಕೆ ಮೊದಲಿನ ಹುಂಕಾರ

ಚಲನಶೋಧಕ ಯಂತ್ರ ಕೆಲಸಕ್ಕೆ ಇಳಿದಾಗ ಸದ್ದೇ ಆಗಲಿಲ್ಲ. ಕೋಣೆಯ ನಡುವಿನ ಬರಿಯ ನೆಲದ ಮೇಲೆ ಮೊದಲು ನಾಲ್ಕು ಪಾದಗಳು ಮೂಡಿದವು. ಆಮೇಲೆ ಮೊಳಕಾಲು, ಸೊಂಟ, ಎದೆ. ಕೊನೆಗೆ ಬೆಳಕಿನಿಂದಲೇ ಮಾಡಿದ ಇಬ್ಬರು ದಾಂಡಿಗರು ಕೈಗವಸು ತೊಟ್ಟು ಎದುರುಬದುರಾಗಿ ನಿಂತರು. ಒಬ್ಬನಿಗೆ ದಟ್ಟ ಮೀಸೆ. ಕುರ್ಚಿಯಲ್ಲಿ ಕೂತಿದ್ದ ಅರವತ್ತೆಂಟರ ಶಂಕ್ರೆಪ್ಪ ಇಟಗಿ ತನ್ನ ಬೋಳು ಮೇಲ್ದುಟಿಯನ್ನೊಮ್ಮೆ ಸವರಿಕೊಂಡ.

"ಇಂವ ನಾನ ಏನ್ರೀ ಮೇಡಮ್ಮಾರ?"

"ನೀವೇ. ನಲವತ್ತು ವರ್ಷದ ಹಿಂದಿನವರು," ಎಂದರು ವಿಜ್ಞಾನಿ ವೃಂದಾ ಕುಲಗೋಡ.

ಶಂಕ್ರೆಪ್ಪ ತನ್ನನ್ನು ತಾನೇ ಕಣ್ತುಂಬ ನೋಡಿದ. ಎದುರಿಗಿದ್ದವನನ್ನು ಮಾತ್ರ ಓರೆಗಣ್ಣಿನಿಂದ ನೋಡಿದ. ಅವನು ಹುಸೇನಸಾಬ ನದಾಫ. ಅಂದಿನ ರಾಜ್ಯ ಹೆವಿವೇಟ್ ಫೈನಲ್‌ನಲ್ಲಿ ಒಂದೇ ಒಂದು ಅಂಕದಿಂದ ಗೆದ್ದು ಪಟ್ಟ ಕಟ್ಟಿಕೊಂಡವನು.

ಹುಬ್ಬಳ್ಳಿಯ ವ್ಯಾಯಾಮಶಾಲೆಯ ಎದುರಿನ ಚಾದಂಗಡಿಯಲ್ಲಿ ಆ ಒಂದು ಅಂಕದ ವಾದ ಇನ್ನೂ ಮುಗಿದಿರಲಿಲ್ಲ. ನದಾಫ ನಿಜವಾದ ಚಾಂಪಿಯನ್ನೋ ಅಲ್ಲವೋ? ಕುತ್ತಿಗೆ ಕೊಂಕಿಸಿ ನಿಲ್ಲುವ ಅದೆಂಥ ವರಸೆ? ಒಬ್ಬನನ್ನಾದರೂ ನೆಲಕ್ಕೆ ಕೆಡವಿದನೇ? ಒಂದು ಸಲ ಗೆದ್ದವನು ಮತ್ತೆ ಕಣದ ಕಡೆ ತಲೆಹಾಕಲಿಲ್ಲವೇಕೆ? ಈ ಪ್ರಶ್ನೆಗಳನ್ನೆಲ್ಲ ಹೆಚ್ಚು ಜೋರಾಗಿ ಕೇಳುತ್ತಿದ್ದವನು ಶಂಕ್ರೆಪ್ಪನೇ. "ಕಾಗಿ ಕುಂಡರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಹೋತು, ಅಷ್ಟ," ಎನ್ನುತ್ತಿದ್ದ. ಆಗದವರು "ಕುಣಿಯಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಚುಚ್ಚುತ್ತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನದಾಫ ಕೂತಿರುತ್ತಿದ್ದ. ಸಕ್ಕರೆ ಕಾಯಿಲೆ ಕಣ್ಣು ತಿಂದು ಹತ್ತು ವರ್ಷವಾಗಿತ್ತು. ತನ್ನ ಬಗೆಗಿನ ವಾದವನ್ನು ಬೇರೆಯವರ ಮನೆಯ ಸುದ್ದಿಯಂತೆ ಕೇಳಿ, ಚಾ ಕುಡಿದು, ಕೋಲು ಹಿಡಿದು ಹೋಗುತ್ತಿದ್ದ. ಫೈನಲ್ ಆದಂದಿನಿಂದ ಇಬ್ಬರಿಗೂ ಮಾತಿಲ್ಲ.

ಹಳೆಯ ವ್ಯಾಯಾಮಶಾಲೆ ಕೆಡವಿ ಹೊಸದು ಕಟ್ಟಿ, ಅದಕ್ಕೆ ನದಾಫನ ಹೆಸರಿಡುತ್ತಾರೆಂಬ ಸುದ್ದಿ ಬಂದದ್ದೇ ತಡ, ಶಂಕ್ರೆಪ್ಪ ಮುಷ್ಟಿಯುದ್ಧ ಮಂಡಳಿಗೆ ಅರ್ಜಿ ಹಾಕಿದ: ಆ ಪಂದ್ಯವನ್ನು ಚಲನಶೋಧಕದಲ್ಲಿ ಮರುಪರೀಕ್ಷೆ ಮಾಡಿಸಿ. ಯಂತ್ರದ ವರದಿ ನೇರವಾಗಿ ಮಂಡಳಿಗೆ ಹೋಗುತ್ತದೆ, ಅದನ್ನು ತಿದ್ದಲು ಯಾರಿಗೂ ಬರುವುದಿಲ್ಲ ಎಂಬ ಷರತ್ತಿಗೆ ಸಂತೋಷದಿಂದಲೇ ಸಹಿ ಮಾಡಿದ್ದ.

ವೃಂದಾ ಅವನಿಗೆ ಯಂತ್ರದ ಗುಟ್ಟನ್ನು ಬಿಡಿಸಿ ಹೇಳಿದರು. ಹಳೆಯ ವಿಡಿಯೊದಲ್ಲಿ ಕಾಣುವ ಚರ್ಮದ ಸಣ್ಣ ಅಲುಗಾಟದಿಂದ ಅದರ ಕೆಳಗಿನ ಸ್ನಾಯು ಯಾವ ಗಳಿಗೆಯಲ್ಲಿ ಬಿಗಿಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕಣ್ಣು ಹೊಡೆತವನ್ನು ಕಂಡು, ಮೆದುಳು ಆಜ್ಞೆ ಕೊಟ್ಟು, ಮೈ ಸರಿಯಬೇಕಾದರೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಇದೇ ಸ್ಪಂದನಕಾಲ. ಅದನ್ನು ಅಳೆದರೆ ಯಾರದು ಕೌಶಲ, ಯಾರದು ಬರಿಯ ಅದೃಷ್ಟ ಎಂಬುದು ಹಾಲು ಹಾಲು, ನೀರು ನೀರು.

"ನೀವು ಬಲಗೈಯಿಂದ ಹನ್ನೊಂದು ಭಾರಿ ಹೊಡೆತ ಹಾಕಿದ್ದೀರಿ. ಒಂದೂ ತಾಗಿಲ್ಲ," ಎಂದರು ವೃಂದಾ.

"ಅದೃಷ್ಟ ಅಂವಂದು."

"ಅಲ್ಲ. ನೋಡಿ."

ಬೆಳಕಿನ ಶಂಕ್ರೆಪ್ಪ ಬಲಗೈ ಬೀಸುವುದಕ್ಕಿದ್ದ. ವೃಂದಾ ಚಲನೆಯನ್ನು ತೀರ ನಿಧಾನ ಮಾಡಿದರು. ಮುಷ್ಟಿ ಇನ್ನೂ ಎದೆಯ ಬಳಿಯೇ ಇತ್ತು. ಆಗಲೇ ನದಾಫನ ತಲೆ ಪಕ್ಕಕ್ಕೆ ಸರಿದಿತ್ತು.

ಶಂಕ್ರೆಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಮೋಸ! ಕೈ ಹೊರಡೂಕಿಂತ ಮೊದಲ ಹೆಂಗ ಸರದಾನ? ಯಾರೋ ಅಂವಗ ಸನ್ನಿ ಮಾಡ್ಯಾರ್ರೀ!"

"ಹೌದು, ಸನ್ನೆ ಸಿಕ್ಕಿದೆ. ಚಿತ್ರದಲ್ಲಿ ಉತ್ತರ ಸಿಗದೆ ಧ್ವನಿಯನ್ನೂ ಸೇರಿಸಿದೆ. ಕೇಳಿ."

ಜನರ ಗದ್ದಲವನ್ನು ಯಂತ್ರ ಸೋಸಿ ತೆಗೆಯಿತು. ಉಳಿದದ್ದು ಒಂದೇ ಸದ್ದು. ಪ್ರತಿ ಭಾರಿ ಹೊಡೆತಕ್ಕೂ ಅರೆಗಳಿಗೆ ಮೊದಲು, ಎದೆಯಾಳದಿಂದ ಬಂದ "ಹುಂ".

"ಸನ್ನೆ ಮಾಡಿದವರು ನೀವೇ," ಎಂದರು ವೃಂದಾ.

ಶಂಕ್ರೆಪ್ಪ ಮತ್ತೆ ಕುರ್ಚಿಯಲ್ಲಿ ಕೂತ. ಆ ಹುಂಕಾರ ಅವನದಲ್ಲ, ಅಣ್ಣಪ್ಪ ಬಡಿಗೇರನ ಕುಲುಮೆಯದು. ಅವನೂ ಹುಸೇನನೂ ಅಲ್ಲಿ ಏಳು ವರ್ಷ ಒಂದೇ ಅಡಗಲ್ಲಿನ ಎದುರುಬದುರು ನಿಂತು, ಕೆಂಪಗೆ ಕಾದ ಕಬ್ಬಿಣದ ಮೇಲೆ ಒಬ್ಬರಾದ ಮೇಲೊಬ್ಬರು ಸಮ್ಮಟಿಗೆ ಹಾಕಿದವರು. ಹುಂ ಅನ್ನದೆ ಸಮ್ಮಟಿಗೆ ಬೀಸಬಾರದು; ಬೀಸಿದರೆ ಎದುರಿನವನ ಕತೆ ಮುಗಿಯಿತು. ಇದು ಅಣ್ಣಪ್ಪನ ಮೊದಲ ಪಾಠ. ಶಂಕ್ರೆಪ್ಪ ಅದನ್ನು ಕಣದಲ್ಲೂ ಬಿಟ್ಟಿರಲಿಲ್ಲ, ಬಿಟ್ಟಿಲ್ಲವೆಂಬುದು ಅವನಿಗೆ ಗೊತ್ತೂ ಇರಲಿಲ್ಲ.

"ಆದರ ಕಣ್ಣಿದ್ದಂವ ಕಿವಿ ಯಾಕ ನಂಬ್ಯಾನು?"

ವೃಂದಾ ಬೆಳಕಿನ ನದಾಫನ ಎಡಗಡೆಗೆ ಬೆರಳು ತೋರಿಸಿದರು. "ಹುಂ ಅನ್ನದೆ ನೀವು ಹಾಕಿದ ಸಣ್ಣ ಹೊಡೆತಗಳು ಅವರ ಎಡಗಡೆಗೆ ಒಂದೂ ತಪ್ಪದೆ ಬಿದ್ದಿವೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅವರು ಗೆದ್ದ ಸೆಮಿಫೈನಲ್‌ನಲ್ಲಿ ಹಾಗಿಲ್ಲ, ಎರಡೂ ಕಡೆ ಸರಿಯಾಗಿ ನೋಡಿ ತಪ್ಪಿಸಿದ್ದಾರೆ. ಅಕ್ಟೋಬರ್‌ನ ಫೈನಲ್ ಹೊತ್ತಿಗೆ ಅವರ ಎಡಗಣ್ಣು ಪೂರ್ತಿ ಹೋಗಿತ್ತು. ಕುತ್ತಿಗೆ ಕೊಂಕಿಸಿದ್ದು ಕಿವಿಗೊಡಲಿಕ್ಕೆ. ಈ ಯಂತ್ರ ಮುನ್ನೂರು ಪಂದ್ಯ ನೋಡಿದೆ, ಇಂಥ ಕೌಶಲವನ್ನು ಎಲ್ಲೂ ಕಂಡಿಲ್ಲ."

ಆ ವರ್ಷದ ಆಗಸ್ಟ್ ಶಂಕ್ರೆಪ್ಪನಿಗೆ ನೆನಪಾಯಿತು. ಕುಲುಮೆಯಲ್ಲಿ ಅವನ ಸಮ್ಮಟಿಗೆ ಓರೆಯಾಗಿ ಬಿದ್ದು ಕಬ್ಬಿಣದ ಚೂರೊಂದು ಸಿಡಿದಿತ್ತು. ಹುಸೇನ ಮುಖ ಮುಚ್ಚಿಕೊಂಡು ಕೂತಿದ್ದ. "ಏನಿಲ್ಲೋ, ಧೂಳ," ಎಂದು ನಕ್ಕಿದ್ದ. ಮರುವಾರದಿಂದ ಜಾಗ ಬದಲಿಸಿ ಅಡಗಲ್ಲು ತನ್ನ ಬಲಗಡೆಗೆ ಬರುವಂತೆ ನಿಲ್ಲತೊಡಗಿದ್ದ. ಯಾಕೆಂದು ಶಂಕ್ರೆಪ್ಪ ಕೇಳಿರಲಿಲ್ಲ.

"ವರದಿ ಹರದು ಹಾಕ್ರೀ ತಾಯಿ," ಎಂದು ಅವನು ಕೈಮುಗಿದ.

"ಆಗಲೇ ಹೋಗಿದೆ. ಒಂದು ಕಣ್ಣಿಲ್ಲದವರು ಕಣಕ್ಕೆ ಇಳಿಯುವಂತಿಲ್ಲ ಎಂಬ ನಿಯಮ ಅಂದೂ ಇತ್ತು. ಕೌಶಲ ಅವರದು, ಪಟ್ಟ ನಿಮ್ಮದು." ಯಂತ್ರ ಕಟ್ಟಿದ ಆಕೆಯ ಮುಖವೂ ಬಾಡಿತ್ತು. ಯಾರು ಮೇಲು ಎಂದು ತಿಳಿಯಲು ಅದನ್ನು ಮಾಡಿದ್ದೆ, ಹೀಗಾಗುತ್ತದೆಂದು ಯೋಚಿಸಿರಲಿಲ್ಲ ಎಂದರು.

ಶಂಕ್ರೆಪ್ಪ ಅಲ್ಲಿಂದ ನೆಟ್ಟಗೆ ಚಾದಂಗಡಿಗೆ ಹೋದ. ಬೆಂಚಿನ ತನ್ನ ತುದಿಯಲ್ಲಿ ಕೂರದೆ ನದಾಫನ ಮಗ್ಗುಲಲ್ಲೇ ಕೂತ.

"ಹುಸೇನ, ಆ ಚೂರು ನಿನ್ನ ಕಣ್ಣಾಗ ಹೋಗಿತ್ತೇನು?"

ನದಾಫ ಗ್ಲಾಸು ಕೆಳಗಿಟ್ಟ. "ನಲವತ್ತು ವರ್ಷದ ಮ್ಯಾಲ ಮಾತಾಡ್ಸಿದಿ. ಆರಾಮ ಅದಿಯೇನು ಅಂತ ಕೇಳೂದು ಬಿಟ್ಟು ಇದೇನೋ?"

"ಹೇಳು."

"ಹೋಗಿತ್ತು. ಪಂದ್ಯದ ಮೊದಲಿನ ತಪಾಸಣಿಯೊಳಗ ಡಾಕ್ಟರ ಗ್ವಾಡಿಗೆ ಹಾಕಿದ್ದ ಅಕ್ಷರ ಬಾಯಿಪಾಠ ಮಾಡಿ ಪಾಸಾದೆ."

"ನನಗರ ಹೇಳಬೇಕಿತ್ತಲ್ಲೋ!"

"ಹೇಳಿದ್ರ ನೀ ಮತ್ತ ಸಮ್ಮಟಿಗಿ ಮುಟ್ಟತಿದ್ದೇನು? ನನ್ನ ಮುಂದ ಕಣಕ್ಕ ಇಳೀತಿದ್ದೇನು?" ನದಾಫ ಕೋಲನ್ನು ಮಡಿಲಿಗೆ ಎಳೆದುಕೊಂಡ. "ಬರೇ ನಿನಗಾಗಿ ಅಂತ ತಿಳೀಬ್ಯಾಡ. ನನಗೂ ಪಟ್ಟ ಬೇಕಾಗಿತ್ತು. ಬ್ಯಾರೆ ಯಾರ ಜೋಡಿ ಆಡಿದ್ರೂ ಸೋಲ್ತಿದ್ದೆ. ನಿನ್ನ ಉಸುರೊಂದು ನನಗ ಪಾಠ ಆಗಿತ್ತು. ಅದಕ್ಕ ಆಮ್ಯಾಲ ಯಾರ ಮುಂದೂ ಇಳೀಲಿಲ್ಲ."

ಶಂಕ್ರೆಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಂಗಡಿಯಲ್ಲಿದ್ದವರು ಬೇರೆ ಕಡೆ ನೋಡಿದರು. ನದಾಫ ಮಾತ್ರ, ಕಾಣದಿದ್ದರೂ, ಅವನ ಕಡೆಗೇ ಮುಖ ಮಾಡಿ ಕೂತಿದ್ದ.

ಪಟ್ಟ ಬೇಡವೆಂದು ಶಂಕ್ರೆಪ್ಪ ಮಂಡಳಿಗೆ ಮೂರು ಪತ್ರ ಬರೆದ. ಯಂತ್ರದ ತೀರ್ಪನ್ನು ನಿರಾಕರಿಸಲು ನಿಯಮವಿಲ್ಲವೆಂದು ಮೂರಕ್ಕೂ ಒಂದೇ ಉತ್ತರ ಬಂತು. ಎದುರುಗಡೆ ಹೊಸ ಕಟ್ಟಡ ಎದ್ದಿತು, ಅದರ ಹಣೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಚಾಂಪಿಯನ್ ಶಂಕ್ರೆಪ್ಪ ಇಟಗಿ ಮುಷ್ಟಿಯುದ್ಧ ಮಂದಿರ'. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಅವನಿಗೆ ಅರ್ಥವಾದದ್ದು ಆಗ. ಅಂದಿನಿಂದ ಚಾದಂಗಡಿಯ ವಾದದಲ್ಲಿ ಅವನು ಪಕ್ಷ ಬದಲಿಸಿದ. ತಾನು ಚಾಂಪಿಯನ್ ಅಲ್ಲ, ಇಂವ ಚಾಂಪಿಯನ್ ಎಂದು ಬಂದವರೆಲ್ಲರ ಜೊತೆ ಜಗಳಕ್ಕೆ ಬೀಳುತ್ತಿದ್ದ. ಜನ ಮುದುಕನಿಗೆ ಅರಳುಮರಳು ಎಂದರು.

ಒಂದು ಸಂಜೆ ಊರಿಗೆ ಹೊಸದಾಗಿ ಬಂದ ಡ್ರಿಲ್ ಮಾಸ್ತರೊಬ್ಬ ಚಾ ಹೀರುತ್ತ ಅಂದ: "ಮಷೀನ್ ಹೇಳೇತಲ್ಲರೀ. ಕುರುಡ ಖೊಟ್ಟಿ ಆಟ ಆಡಿ ಪಟ್ಟ ಹೊಡಕೊಂಡಿದ್ದ."

ಶಂಕ್ರೆಪ್ಪ ಎದ್ದು ನಿಂತ. ನಲವತ್ತು ವರ್ಷ ಎತ್ತದಿದ್ದ ಬಲಗೈ ಮುಷ್ಟಿಯಾಯಿತು. ಎದೆಯಾಳದಿಂದ ಒಂದು "ಹುಂ" ಹೊರಟಿತು.

ಆ ಮಾಸ್ತರ ಏನೂ ತಿಳಿಯದೆ ಬಿಸ್ಕತ್ತು ಅದ್ದುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ನದಾಫನ ತಲೆ ಮಾತ್ರ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಸರಿಯಿತು. ಅವನು ಕೈ ಚಾಚಿ ಶಂಕ್ರೆಪ್ಪನ ಧೋತರದ ಚುಂಗು ಹಿಡಿದು ಜಗ್ಗಿದ.

"ಕುಂಡ್ರೋ ಶಂಕ್ರ್ಯಾ. ಅಂವಗ ತಪ್ಪಿಸ್ಕೊಳ್ಳಾಕ ಬರೂದಿಲ್ಲ. ಅಂವ ನಮ್ಮ ಕುಲುಮ್ಯಾಗ ಕೆಲಸ ಮಾಡಿಲ್ಲ."