ನಲವತ್ತೆಂಟು ಖಾಲಿ ಬಾಟಲಿ

ಗರಾಜಿನ ಮೂಲೆಯ ಪೆಟ್ಟಿಗೆಗಳ ಮೇಲಿದ್ದ ಹಳೆಯ ಬೆಡ್‌ಶೀಟ್ ಎಳೆದ ನಿಧಿಗೆ ಕಂಡದ್ದು ಎರಡು ದೀಪದ ಕಂಬ, ಒಂದು ಇಡ್ಲಿ ಕುಕ್ಕರ್, ಒಂದಷ್ಟು ಸ್ಟೀಲ್ ತಟ್ಟೆ. ಇರಬೇಕಾದದ್ದು ನಲವತ್ತೆಂಟು ಖಾಲಿ ಬಿಯರ್ ಬಾಟಲಿ.

ಅದು ಒಂದು ವರ್ಷದ ಸಂಗ್ರಹ. ಗೆಳೆಯರ ಪಾರ್ಟಿ ಮುಗಿದ ಮೇಲೆ ನಾಚಿಕೆ ಬಿಟ್ಟು ಆರಿಸಿ ತಂದವು. ಎಲ್ಲವೂ ಕಂದು ಗಾಜಿನವು, ಓಪನರ್ ಹಾಕಿಯೇ ತೆಗೆಯಬೇಕಾದವು. ಬಿಸಿನೀರಲ್ಲಿ ನೆನೆಸಿ, ಲೇಬಲ್ ಕೆರೆದು ಕೆರೆದು ಉಗುರು ಸವೆದಿದ್ದವು. ಇವತ್ತು ಅವುಗಳಿಗೆ ತಾನೇ ಮಾಡಿದ ಕಪ್ಪು ಬಿಯರ್ ತುಂಬಿ ಹೊಸ ಮುಚ್ಚಳ ಒತ್ತಬೇಕಿತ್ತು. ಗ್ಯಾಸ್ ಹುಟ್ಟಲೆಂದು ಬೆಲ್ಲದ ಪಾಕ ಬೆರೆಸಿಯೂ ಆಗಿತ್ತು. ಸಂಜೆಯೊಳಗೆ ಬಾಟಲಿ ಸೇರದಿದ್ದರೆ ಎರಡು ತಿಂಗಳ ಕೆಲಸ ಸಿಂಕಿನ ಪಾಲು.

ಅವಳು ಎರಡು ದಿನ ಆಫೀಸ್ ಕೆಲಸಕ್ಕೆ ಆಸ್ಟಿನ್‌ಗೆ ಹೋಗಿದ್ದಾಗ ಮನೆಯ ಕೀಲಿ ಇದ್ದದ್ದು ಜಯಂತನ ಹತ್ತಿರ. ಮೈಸೂರಿನ ಹುಡುಗ. ಎಂಟು ತಿಂಗಳಿಂದ ಪ್ರತಿ ಶನಿವಾರ ಲಿಟಲ್ ಎಲ್ಮ್ ಊರಿನ ಈ ಮನೆಗೆ ಬಂದು, ಕಾಫಿ ಆರಿದರೂ ಏಳದೆ ಅವಳನ್ನೇ ನೋಡುತ್ತ ಕೂರುವವನು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮಾತ್ರ, ಜನ ಏನಂದಾರೋ ಎಂದು, ಅವಳಿಂದ ನಾಲ್ಕು ಕುರ್ಚಿ ಬಿಟ್ಟು ಕೂರುತ್ತಿದ್ದ. ಅದನ್ನೂ ಅವಳು ಇಷ್ಟು ದಿನ ಸಹಿಸಿದ್ದಳು.

ಇವತ್ತು ಅವನು ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು.

"ನನ್ನ ಬಾಟಲಿ ಎಲ್ಲಿ?"

"ರೀಸೈಕಲ್‌ಗೆ ಹಾಕ್ದೆ. ನಿನ್ನೆನೇ ಟ್ರಕ್ ಬಂದು ತಗೊಂಡ್ಹೋಯ್ತು. ನಾಳೆ ಹುಬ್ಬಳ್ಳಿಯಿಂದ ನಿಮ್ಮಮ್ಮ ಬರ್ತಿದಾರಲ್ಲ, ಅವರು ನೋಡಿದ್ರೆ..."

"ನೋಡಿದ್ರ ನೋಡ್ಲಿ! ನಾ ಬಿಯರ್ ಮಾಡ್ತೀನಿ ಅಂತ ನಮ್ಮವ್ವಗ ಗೊತ್ತೈತಿ. ಬೆಲ್ಲ ಎಷ್ಟ ಹಾಕಬೇಕಂತ ಹೇಳಿದಾಕಿನೂ ಆಕಿನೇ."



"ನಿನ್ನ ಮರ್ಯಾದೆ ಉಳಿಸೋಣ ಅಂತ..."

"ನನ್ನ ಮರ್ಯಾದಿ ಬಾಟಲಿಯೊಳಗ ಇಟ್ಟಿದ್ನೇನು? ಬಚ್ಚಿಡೋದೊಂದ ಗೊತ್ತ ನಿನಗ. ಬಾಟಲಿ ಬಚ್ಚಿಡ್ತಿ, ನನ್ನೂ ಬಚ್ಚಿಡ್ತಿ!"

ಅವನು ಹೊರಗೆ ಹೋದ. ಅರ್ಧ ಗಂಟೆಯಲ್ಲಿ ಎರಡು ಪೆಟ್ಟಿಗೆ ಬಾಟಲಿ ಹೊತ್ತು, ಬಹುಮಾನ ಗೆದ್ದವನಂತೆ ಬಂದ. ಪಕ್ಕದ ಮನೆಯವರು ಕೊಟ್ಟರಂತೆ. ನಿಧಿ ಒಂದನ್ನು ಎತ್ತಿ ನೋಡಿದಳು. ಅವನ ಹೆಬ್ಬೆರಳು ಹಿಡಿದು ಬಾಟಲಿಯ ಬಾಯಂಚಿನ ಕೆಳಗೆ ಒರೆಸಿದಳು.

"ಏನ್ ಸಿಗತೈತಿ?"

ಅವನಿಗೆ ಅವಳ ಬಿಸಿ ಬೆರಳಷ್ಟೇ ಸಿಕ್ಕಿತ್ತು. "ಏನೋ ಗೆರೆ ಗೆರೆ."

"ತಿರುಪು. ಕೈಲೆ ತಿರುಗಿಸಿ ತೆಗೆಯೂ ಬಾಟಲಿ ಇವು. ಇದರ ಮ್ಯಾಲೆ ನನ್ನ ಮುಚ್ಚಳ ಬಿಗಿಯಾಗಿ ಕೂಡಂಗಿಲ್ಲ, ಗ್ಯಾಸ್ ಹೋಗತೈತಿ. ನಡಿ, ಗೆರೆ ಇಲ್ಲದ್ದು ತಗೊಂಬಾ."

ಕೈ ಬಿಡುವುದನ್ನು ಇಬ್ಬರೂ ತುಸು ಮರೆತರು. ಮೊದಲು ನೆನಪಾದದ್ದು ನಿಧಿಗೆ. ಸಿಟ್ಟಿನ ನಡುವೆ ಎದೆ ಹೀಗೆ ಹೊಡೆದುಕೊಳ್ಳುವುದು ಅನ್ಯಾಯ ಎನ್ನಿಸಿ ಅವಳ ಸಿಟ್ಟು ಇನ್ನಷ್ಟು ಏರಿತು.

ಮೂರು ಗಂಟೆಯಾಯಿತು, ನಾಲ್ಕಾಯಿತು. ಮತ್ತೆ ಬಾಟಲಿ ಹುಡುಕಿ ಹೋದ ಜಯಂತ ಫೋನ್ ಎತ್ತಲಿಲ್ಲ. ಹೆದರಿ ತನ್ನ ಮನೆಗೆ ಓಡಿದನೆಂದುಕೊಂಡು ಅವಳು ಬಿಯರಿನ ಡ್ರಮ್ಮನ್ನು ಸಿಂಕಿನತ್ತ ಎಳೆಯುವಾಗ ಕಾರು ಬಂದು ನಿಂತಿತು. ಹಿಂದಿನ ಸೀಟಿನ ತುಂಬ ಕಂದು ಬಾಟಲಿ. ಶರಟು ಬೆವರಲ್ಲಿ ಒದ್ದೆ.

"ಐವತ್ಮೂರು ಇದೆ. ಒಂದೊಂದರ ಬಾಯೂ ಮುಟ್ಟಿ ನೋಡಿದೀನಿ."

"ಎಲ್ಲಿ ಸಿಕ್ಕವು?"

"ಪಕ್ಕದೂರು ಫ್ರಿಸ್ಕೋದಲ್ಲಿ, ನಮ್ಮ ಸಂಘದೋರ ಮನೆಗಳಲ್ಲಿ. ಹನ್ನೊಂದು ಮನೆ ಬಾಗಿಲು ತಟ್ಟಿದೆ. ಎಲ್ಲರ ಗರಾಜಲ್ಲೂ ಇತ್ತು ನಿಧಿ! ನೀಲಕಂಠಪ್ಪ ಅಂಕಲ್ ಅಂತೂ ಪೂಜೆ ಸಾಮಾನಿನ ಹಿಂದೆ ಇಟ್ಟಿದ್ರು."

ಸಂಘದ ಅಧ್ಯಕ್ಷರು! ನಗು ಬಂದದ್ದನ್ನು ನಿಧಿ ಹಲ್ಲು ಕಚ್ಚಿ ತಡೆದಳು. "ಯಾಕ ಬೇಕು ಅಂತ ಕೇಳಿರಬೇಕಲ್ಲ?"

"ಕೇಳಿದ್ರು." ಅವನು ನೆಲ ನೋಡಲಿಲ್ಲ, ಅವಳನ್ನೇ ನೋಡಿದ. "ನಾನು ಮದುವೆ ಆಗೋ ಹುಡುಗಿ ಬಿಯರ್ ಮಾಡ್ತಾಳೆ, ಅವಳಿಗೆ ಬೇಕು ಅಂದೆ."

"ಹನ್ನೊಂದ ಮನ್ಯಾಗೂ?"

"ಹನ್ನೊಂದು ಮನೇಲೂ."

"ಅಂದ್ರ ಊರಿಗೆಲ್ಲ ಹೇಳಿ, ಕಡೀಕೆ ನನಗ ಹೇಳಾಕ ಬಂದಿ!" ಕೂಗಿದಳು, ಆದರೆ ಕಣ್ಣು ತುಂಬಿತ್ತು. "ನಾ ಒಪ್ಪೀನಿ ಅಂತ ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಈಗ ಕೇಳ್ತಿದೀನಿ."

ನಿಧಿ ಬಾಟಲಿ ತೊಳೆಯುವ ಬ್ರಶ್ಶನ್ನು ಅವನ ಕೈಗಿಟ್ಟಳು. ಅವನು ತೊಳೆದ, ಅವಳು ತುಂಬಿದಳು. ಮೊದಲ ಬಾಟಲಿಯ ಮೇಲೆ ಮುಚ್ಚಳವಿಟ್ಟು ಯಂತ್ರದ ಹಿಡಿಕೆ ಒತ್ತುವಾಗ ಅವನ ಕೈಯನ್ನೂ ಎಳೆದು ತನ್ನ ಕೈಯ ಮೇಲಿಟ್ಟುಕೊಂಡಳು. ಮುಚ್ಚಳ ಬಿಗಿಯಾಗಿ ಕೂತಿತು.

"ನಾಳೆ ಅವ್ವ ಬಂದಾಗ ಇವೆಲ್ಲ ಡೈನಿಂಗ್ ಟೇಬಲ್ ಮ್ಯಾಲೆ ಇರತಾವು," ಎಂದಳು ಗದರುವ ದನಿಯಲ್ಲೇ. "ನೀನೂ ಇರಬೇಕು. ನನ್ನ ಮಗ್ಗುಲದ ಕುರ್ಚ್ಯಾಗ."